ಒಂದು ಹಿಡಿ ಗರಸು

ಮೊನ್ನೆ ನೀವಿಬ್ಬರೂ ನನ್ನ ಟ್ರಂಕು ಕೆದಕಿ, ಸೀರೆಗಳ ಅಡಿಯಲ್ಲಿದ್ದ ಉಳಿ ಮತ್ತು ಸುತ್ತಿಗೆ ಹೊರಗೆ ತೆಗೆದು, "ಆಯಿ, ನೀ ಬಡಿಗ್ಯಾರ ಕೆಲಸ ಮಾಡ್ತಿದ್ದೇನ?" ಎಂದು ಕೇಳಿದಿರಿ. ನಾನು ತಲೆಯಾಡಿಸಿ ಅಡುಗೆ ಮನೆಗೆ ಹೋಗಿಬಿಟ್ಟೆ. ಮುಖ ನೋಡಿ ಮಾತಾಡುವುದು ಮೊದಲಿನಿಂದಲೂ ನನಗೆ ಆಗದ ಕೆಲಸ. ಬರೆದರೆ ಕಾಗದ ತಿರುಗಿ ಪ್ರಶ್ನೆ ಕೇಳುವುದಿಲ್ಲ. ತೊರವಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ನಿಮ್ಮ ಬಬಲೇಶ್ವರದ ಮುತ್ಯಾ, ಅಂದರೆ ನಿಮ್ಮಪ್ಪನ ಅಪ್ಪ, ನನ್ನ ಬೀಗರು, ಊರವರ ಮುಂದೆ "ನಮ್ಮ ಬೀಗತ್ಯಾರು ವಿಜಯಪುರದಾಗ ಇಂಜಿನಿಯರ್ ಆಫೀಸಿನ್ಯಾಗ ಅದಾರ" ಎಂದು ಹೇಳಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಗೋಳಗುಮ್ಮಟದ ಬಾಗಿಲಲ್ಲಿ ಚಪ್ಪಲಿ ಕಾಯುವವನೂ ಗೋಳಗುಮ್ಮಟದಲ್ಲೇ ಇರುತ್ತಾನೆ. ಆ ಆಫೀಸಿನಲ್ಲಿ ನನ್ನ ಕೆಲಸ ಮಣ್ಣು ಹುರಿಯುವುದು.

ನಗಬೇಡಿ. ನಿಜವಾಗಿಯೂ ಹುರಿಯುತ್ತಿದ್ದೆ. ಗ್ಯಾಸ್ ಒಲೆ, ಕಬ್ಬಿಣದ ಬಾಣಲೆ, ಸೌಟು ಎಲ್ಲ ಸರಕಾರದ್ದು. ನನ್ನ ಯಜಮಾನರು ಆ ಆಫೀಸಿನ ಜೀಪು ಓಡಿಸುತ್ತಿದ್ದರು. ಒಂದು ದಿನ ಮಧ್ಯಾಹ್ನ ಊಟ ಮಾಡಿ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಅನುಕಂಪದ ಮೇಲೆ ನನಗೆ ನೌಕರಿ ಕೊಟ್ಟರು. ಗಂಡ ಸತ್ತ ಹೆಂಗಸನ್ನು ಮಣ್ಣಿನ ಮುಂದೆ ಕೂರಿಸುವುದಕ್ಕೆ ಅನುಕಂಪ ಎನ್ನುತ್ತಾರೆಂದು ಆಗ ತಿಳಿಯಿತು. ಆದರೆ ಆ ಮಣ್ಣೇ ನಿಮ್ಮವ್ವನ ಮದುವೆ ಮಾಡಿತು, ಜಲನಗರದ ಈ ಮನೆಯ ಬಾಡಿಗೆ ಕೊಟ್ಟಿತು. ಅದಕ್ಕೇ ಮಣ್ಣನ್ನು ಬೈಯುವುದಿಲ್ಲ, ಮನುಷ್ಯರನ್ನಷ್ಟೇ ಬೈಯುತ್ತೇನೆ.

ಕೆಲಸ ಕಲಿಸಿದವರು ಪ್ರಯೋಗಾಲಯದ ಹಳೆಯ ನೌಕರರು. ಮಂಡಿ ನೋವಿನವರು, ಹಾಗಾಗಿ ಕೂತು ಮಾಡುವ ಕೆಲಸ ತಮಗೆ, ಬಗ್ಗಿ ಮಾಡುವ ಕೆಲಸ ನನಗೆ ಎಂದು ಮೊದಲ ದಿನವೇ ಪಾಲು ಮಾಡಿದರು.

"ಅಕ್ಕಾ, ಇದೇನ್ ದೊಡ್ಡ ವಿದ್ಯಾ ಅಲ್ಲ. ನೀ ಮನ್ಯಾಗ ಮಾಡೂದ ಇಲ್ಲಿ ಮಾಡೂದು. ಮರಳು ಜರಡಿ ಹಿಡಿ, ತೊಳಿ, ಒಣಗಸು. ತಿನ್ನಾಕ ಮಾತ್ರ ಕೊಡಬ್ಯಾಡ."

ಅವರು ಹೇಳಿದ್ದು ಸರಿ ಇತ್ತು. ರಸ್ತೆ ಗಟ್ಟಿ ಇದೆಯೋ ಇಲ್ಲವೋ ನೋಡುವ ಬಗೆ ಹೀಗೆ. ರೋಲರ್ ಓಡಿಸಿದ ಗರಸಿನ ಪದರದ ಮೇಲೆ ನಡುವೆ ತೂತಿರುವ ತಟ್ಟೆ ಇಡಬೇಕು. ಗರಸು ಎಂದರೆ ಗೊತ್ತಲ್ಲ, ಡಾಂಬರಿನ ಕೆಳಗೆ ಹಾಸುವ ಕಲ್ಲು ಬೆರೆತ ಮಣ್ಣು. ತೂತಿನಷ್ಟೇ ಅಗಲಕ್ಕೆ ಉಳಿ ಸುತ್ತಿಗೆಯಿಂದ ಒಂದು ಗೇಣು ಕುಣಿ ತೆಗೆಯಬೇಕು. ಅಗೆದ ಮಣ್ಣಿನ ಒಂದು ಕಣವೂ ಚೆಲ್ಲದಂತೆ ಪರಾತಕ್ಕೆ ತುಂಬಿ ತೂಗಬೇಕು. ಆಮೇಲೆ ಡಬ್ಬಿಯಿಂದ ನಮ್ಮ ತೊಳೆದ ಮರಳನ್ನು ಆ ಕುಣಿಗೆ ಬಿಡಬೇಕು. ಎಷ್ಟು ಮರಳು ಹಿಡಿಯಿತೋ ಕುಣಿ ಅಷ್ಟು ದೊಡ್ಡದು. ಸಣ್ಣ ಕುಣಿಯಿಂದ ಭಾರದ ಮಣ್ಣು ಬಂದರೆ ರಸ್ತೆ ಗಟ್ಟಿ, ದೊಡ್ಡ ಕುಣಿಯಿಂದ ಹಗುರ ಮಣ್ಣು ಬಂದರೆ ಪೊಳ್ಳು. ಅದರಲ್ಲೇ ಸ್ವಲ್ಪ ಮಣ್ಣು ಬಾಣಲೆಗೆ ಹಾಕಿ ಹುರಿದು ಮತ್ತೆ ತೂಗಿದರೆ ಎಷ್ಟು ನೀರಿತ್ತು ಎಂದು ತಿಳಿಯುತ್ತದೆ. ಪ್ರಯೋಗಾಲಯದಲ್ಲಿ ಬಡಿದು ನೋಡಿದ ಗಟ್ಟಿತನಕ್ಕೆ ಹೋಲಿಸಿದರೆ ನೂರಕ್ಕೆ ತೊಂಬತ್ತೆಂಟಾದರೂ ಬರಬೇಕು. ನನಗೆ ಏಳನೆಯ ಇಯತ್ತೆಯಲ್ಲಿ ಬಂದ ಅಂಕ ನೆನೆದರೆ ಇದು ಮಣ್ಣಿನ ಮೇಲೆ ದೊಡ್ಡ ಅನ್ಯಾಯ.

ಎಲ್ಲಕ್ಕಿಂತ ಮುಖ್ಯ ನೀರು. ನೀವು ರವಾ ಉಂಡಿ ಕಟ್ಟುವುದನ್ನು ನೋಡಿದ್ದೀರಿ. ಪಾಕ ಕಡಿಮೆಯಾದರೆ ಎಷ್ಟು ಒತ್ತಿದರೂ ಕೈ ಬಿಟ್ಟ ಕೂಡಲೇ ಉದುರುತ್ತದೆ. ಹೆಚ್ಚಾದರೆ ಅಂಗೈಗೆ ಮೆತ್ತಿಕೊಳ್ಳುತ್ತದೆ. ಹದವಿದ್ದರೆ ಎರಡು ಸಲ ಒತ್ತಿದರೆ ಸಾಕು, ಗುಂಡಗೆ ನಿಲ್ಲುತ್ತದೆ. ಗರಸೂ ಅಷ್ಟೇ. ರೋಲರಿನ ಮುಂದೆ ನೀರಿನ ಟ್ಯಾಂಕರ್ ಓಡಬೇಕು. ಒಣ ಗರಸಿನ ಮೇಲೆ ನಾಲ್ಕು ದಿನ ರೋಲರ್ ಓಡಿಸಿದರೂ ಡೀಸೆಲ್ ಸುಡುತ್ತದೆ, ರಸ್ತೆ ಆಗುವುದಿಲ್ಲ. ಇದನ್ನು ಇಂಜಿನಿಯರುಗಳು ನಾಲ್ಕು ವರ್ಷ ಓದಿ ಕಲಿಯುತ್ತಾರೆ. ನಮ್ಮವ್ವ ನನಗೆ ಎಂಟನೆಯ ವಯಸ್ಸಿಗೆ ಕೈಗೆ ಬಡಿದು ಕಲಿಸಿದ್ದಳು.

ಆಗಿನ ನಮ್ಮ ಸಾಹೇಬರು ಒಳ್ಳೆಯವರು, ಬಿಸಿಲೊಂದು ಅವರಿಗೆ ಆಗುತ್ತಿರಲಿಲ್ಲ. ವಿಜಯಪುರ ಜಿಲ್ಲೆಯಲ್ಲಿ ರಸ್ತೆ ಪರೀಕ್ಷೆಗೆ ಇಂಥವರನ್ನು ಹುಡುಕಿ ಕಳಿಸಿದ್ದರು. ಜೀಪು ಹೊರಟಿತೆಂದರೆ ಅವರ ಕಣ್ಣು ಗಿಡ ಹುಡುಕುತ್ತಿತ್ತು. ಗುತ್ತಿಗೆದಾರರು ಒಂದು ಬೇವಿನ ಗಿಡದ ಬುಡದಲ್ಲಿ ಕುರ್ಚಿ ಹಾಕಿ, ಸುಸಲಾ, ಮಿರ್ಚಿ, ಚಹಾ ಸಿದ್ಧ ಮಾಡಿ, ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ರಸ್ತೆಯ ಮೇಲೆ ಸುಣ್ಣದಿಂದ ಒಂದು ಗುಂಡು ಬರೆದಿರುತ್ತಿದ್ದರು. ಅಲ್ಲೇ ನಾನು ಕುಣಿ ತೆಗೆಯಬೇಕು. ಸಾಹೇಬರ ಕಣ್ಣಳತೆಯಲ್ಲಿ ಕೆಲಸ ನಡೆಯಬೇಕು, ಮತ್ತು ಆ ಕಣ್ಣು ನೆರಳಲ್ಲಿರಬೇಕು. ವರ್ಷಗಟ್ಟಲೆ ಹೀಗೆ ನಡೆದು ರೋಲರ್ ಓಡಿಸುವವರಿಗೂ ಅಭ್ಯಾಸವಾಯಿತು. ಗಿಡ ಬಂತೆಂದರೆ ಹತ್ತು ಸಲ ಹಿಂದೆ ಮುಂದೆ ಓಡಿಸುತ್ತಿದ್ದರು, ಬಯಲು ಬಂತೆಂದರೆ ಒಂದೇ ಸಲ. ನೀವು ದೊಡ್ಡವರಾಗಿ ಗಾಡಿ ಓಡಿಸುವಾಗ ಒಂದು ಮಾತು ನೆನಪಿಡಿ. ನಮ್ಮ ಕಡೆ ರಸ್ತೆ ನುಣ್ಣಗೆ ಬಂತೆಂದರೆ ತಲೆ ಎತ್ತಿ ನೋಡಿ, ಮೇಲೆ ಬೇವಿನ ಗಿಡ ಇರುತ್ತದೆ.

ಸುಣ್ಣದ ಗುಂಡಿನಲ್ಲೂ ಕೆಲವೊಮ್ಮೆ ತೂಕ ಕಡಿಮೆ ಬೀಳುತ್ತಿತ್ತು. ಅದಕ್ಕೂ ಮಂಡಿ ನೋವಿನವರ ಹತ್ತಿರ ಔಷಧ ಇತ್ತು. ಜೋಳ ಬೀಸುವ ಮುಂಚೆ ದೇವರ ಹೆಸರಿಗೆ ಒಂದು ಹಿಡಿ ತೆಗೆದಿಡುತ್ತೇವಲ್ಲ, ಇದು ಅದರ ಉಲ್ಟಾ.

"ಅಕ್ಕಾ, ದೇವರ ಹಿಡಿ ಹಾಕು" ಎನ್ನುತ್ತಿದ್ದರು ಮೆಲ್ಲಗೆ. ಅಂದರೆ ಪಕ್ಕದಲ್ಲಿ ಬಿದ್ದ ಸಡಿಲು ಗರಸನ್ನು ಒಂದು ಹಿಡಿ ಪರಾತಕ್ಕೆ ಸೇರಿಸು. ಕುಣಿ ಅಷ್ಟೇ, ಮಣ್ಣಿನ ಭಾರ ಹೆಚ್ಚು. ರಸ್ತೆ ಪಾಸ್. ನಾನು ಎಷ್ಟು ಸಲ ಹಾಕಿದ್ದೇನೋ ದೇವರಿಗೇ ಗೊತ್ತು, ಅವನ ಹೆಸರಿನಲ್ಲೇ ಹಾಕಿದ್ದಲ್ಲವೇ. ಆಯಿ ಸತ್ಯವಂತೆ ಎಂದು ಓದಲು ಕುಳಿತಿದ್ದರೆ ಇಲ್ಲಿಗೇ ನಿಲ್ಲಿಸಿ, ಹೋಗಿ ಆಡಿಕೊಳ್ಳಿ.

ಇನ್ನು ಪಂಚಮಿಯ ಮಾತು. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣ ತಮ್ಮ ಇದ್ದವರಿಗೆ ಅವರು ಹೋಗಿ ಕರೆದುಕೊಂಡು ಬರುತ್ತಾರೆ. ನಿಮ್ಮವ್ವ ಒಬ್ಬಳೇ ಮಗಳು. ನಾನು ಹೋಗಿ ಬೀಗರ ಬಾಗಿಲಲ್ಲಿ ನಿಂತು ಕರೆಯುವ ಪೈಕಿ ಅಲ್ಲ. ಹಾಗಾಗಿ ಬೀಗರೇ ಮನಸ್ಸು ಮಾಡಿ ಕಳಿಸಬೇಕು. ನಿಮ್ಮ ಮುತ್ಯಾ ಪ್ರತಿ ವರ್ಷ "ಈ ಸಲ ಕಳಸೂದು ಆಗೂದಿಲ್ಲ ನೋಡು" ಎಂದು ಎಂಟು ದಿನ ಹೇಳಿ, ಒಂಬತ್ತನೆಯ ದಿನ ಕಳಿಸುತ್ತಿದ್ದರು. ದೊಡ್ಡ ಮನುಷ್ಯರು ಸುಮ್ಮನೆ ಹೂಂ ಎಂದರೆ ಸಣ್ಣವರಾಗಿಬಿಡುತ್ತಾರೆ. ನಿಮ್ಮ ಇನ್ನೊಬ್ಬ ಮುತ್ಯಾ, ಅಂದರೆ ನನ್ನ ಯಜಮಾನರು, ಪಡಸಾಲೆಯ ಮೇಲ್ಛಾವಣಿಗೆ ಕಬ್ಬಿಣದ ಕೊಂಡಿ ಹಾಕಿಸಿದ್ದರು. ವರ್ಷದಲ್ಲಿ ಐದು ದಿನ ಅದರಲ್ಲಿ ನಿಮ್ಮ ಜೋಕಾಲಿ. ಉಳಿದ ಮುನ್ನೂರ ಅರವತ್ತು ದಿನ ನಾನು ಕಸ ಗುಡಿಸುವಾಗ ತಲೆ ಎತ್ತಿ ಆ ಕೊಂಡಿ ನೋಡುವುದು. ನನಗೆ ಇದ್ದದ್ದು ಅದೊಂದೇ ಹಬ್ಬ.

ಈಗ ಹೇಳುವುದು ಮೂರು ವರ್ಷದ ಹಿಂದಿನದು. ಆಗ ನಿಮ್ಮ ಬಬಲೇಶ್ವರದ ಮುತ್ಯಾ ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವ ಒಂದು ಒಳರಸ್ತೆಯ ತುಂಡು ಗುತ್ತಿಗೆ ಹಿಡಿದಿದ್ದರು. ಪಂಚಮಿಗೆ ಇನ್ನೂ ಎರಡು ವಾರ. ಹದಿನೈದು ದಿನದಿಂದ ಮಳೆ ಮುಖ ತೋರಿಸಿರಲಿಲ್ಲ. ನಿಮ್ಮವ್ವ ಫೋನಿನಲ್ಲಿ ಹೇಳಿದಳು:

"ಯವ್ವಾ, ಮಾವನವರು ರಸ್ತಾದ ಟ್ಯಾಂಕರ್ ದ್ರಾಕ್ಷಿ ತ್ವಾಟಕ್ಕ ಹಚ್ಯಾರ. ಬಳ್ಳಿ ಬಾಡಾಕತ್ತಾವ ಅಂತ. ರಸ್ತಾ ಏನ್ ಬಾಡತೈತೇನು ಅಂತಾರ."

ಒಣ ಗರಸಿನ ಮೇಲೆ ರೋಲರ್. ಪಾಕವಿಲ್ಲದ ಉಂಡಿ.

ಮರುವಾರ ಆಫೀಸಿನ ಹಲಗೆಯ ಮೇಲೆ ಪರೀಕ್ಷೆಗೆ ಹೋಗುವ ರಸ್ತೆಗಳ ಹೆಸರು ಬರೆದಿದ್ದರು. ಆ ರಸ್ತೆ ಇತ್ತು. ಬಿಸಿಲಾಗದ ಸಾಹೇಬರಿಗೆ ವರ್ಗವಾಗಿ ಹೊಸ ಮೇಡಂ ಬಂದಿದ್ದರು, ವಯಸ್ಸಿನಲ್ಲಿ ನಿಮ್ಮವ್ವನಿಗಿಂತ ಸಣ್ಣವರು. ಅವರ ಬಳಿ ಹೋಗಿ "ಇದು ನನ್ನ ಬೀಗರ ಕೆಲಸ, ಬೇರೆಯವರನ್ನು ಕರೆದುಕೊಂಡು ಹೋಗಿ" ಎಂದು ಹೇಳಬೇಕಿತ್ತು. ಮೂರು ಸಲ ಅವರ ಬಾಗಿಲವರೆಗೆ ಹೋದೆ. ಮೂರು ಸಲವೂ ಅವರು ತಲೆ ಎತ್ತಿ "ಏನ್ರಿ ಅಕ್ಕಾರ?" ಎಂದರು. ಮೂರು ಸಲವೂ ನಾನು "ಕುಡಿಯಾಕ ನೀರು ಬೇಕೇನ್ರಿ?" ಎಂದು ಕೇಳಿ ಬಂದೆ. ಪಾಪ, ಮೂರು ಗ್ಲಾಸು ಕುಡಿದರು.

ಜೀಪು ತೊರವಿ ದಾಟಿ, ತಿಕೋಟಾ ದಾಟಿ, ಒಳರಸ್ತೆಗೆ ತಿರುಗಿತು. ಬೇವಿನ ಗಿಡ, ಕುರ್ಚಿ, ಸುಸಲಾ, ಸುಣ್ಣದ ಗುಂಡು ಎಲ್ಲ ಪದ್ಧತಿಯಂತೆ ಇದ್ದವು. ಬಿಳಿ ಅಂಗಿ, ಬಿಳಿ ಟೊಪ್ಪಿಗೆ ಹಾಕಿಕೊಂಡು ನಿಮ್ಮ ಮುತ್ಯಾ ನಿಂತಿದ್ದರು. ನಾನು ತಲೆಯ ಮೇಲೆ ಪರಾತ, ಕೈಯಲ್ಲಿ ಮರಳಿನ ಡಬ್ಬಿ ಹಿಡಿದು ಇಳಿದೆ. ಬೀಗರ ಎದುರು ಸೆರಗು ಹೊದೆಯಬೇಕು, ಎರಡೂ ಕೈ ಖಾಲಿ ಇಲ್ಲ. ಅದಕ್ಕಿಂತ ದೊಡ್ಡ ಅವಮಾನ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

"ಯಪ್ಪಾ! ಬೀಗತ್ಯಾರು ಬಂದಾರ!" ಎಂದು ಅವರು ಕೂಗಿದರು, ನನ್ನ ಕಡೆ ಅಲ್ಲ, ರೋಲರ್ ಡ್ರೈವರನ ಕಡೆ ತಿರುಗಿ. "ಲೇ, ಇನ್ನೊಂದು ಕುರ್ಚಿ ತಗೊಂಡು ಬಾರಲೇ!"

ನಿಮ್ಮವ್ವನ ಮದುವೆಯಾಗಿ ಎಂಟು ವರ್ಷವಾಗಿದ್ದರೂ ನಾವಿಬ್ಬರೂ ನೇರವಾಗಿ ಒಂದು ಮಾತು ಆಡಿದವರಲ್ಲ. ಅವರು ಏನಾದರೂ ಹೇಳಬೇಕಾದರೆ ಮಗನಿಗೆ, ಸೊಸೆಗೆ, ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು. ನಾನು ಗೋಡೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಅವರ ಕಡೆಯಿಂದ ಅದು ಮರ್ಯಾದೆ, ನನ್ನ ಕಡೆಯಿಂದ ಸಂಕೋಚ. ಇಬ್ಬರಿಗೂ ಅನುಕೂಲವಾಗಿತ್ತು.

"ನಿಮಗ ಸಂಬಂಧಿಕರೇನ್ರಿ?" ಎಂದು ಮೇಡಂ ಕೇಳಿದರು.

"ನಮ್ಮ ಬೀಗತ್ಯಾರ್ರಿ ಮೇಡಂ, ಮಗನ ಅತ್ತಿ. ಮನಿಯವರ ಇದ್ದಂಗ."

ಮೇಡಂ ನನ್ನ ಕಡೆ ನೋಡಿದರು. ನಾನು ಪರಾತದ ಕಡೆ ನೋಡಿದೆ. "ಆತು," ಎಂದರು. "ಅಕ್ಕಾರ ಅಗೀಲಿ. ತೂಕ ನಾ ನೋಡ್ತೀನಿ." ಹೇಳಿ, ಸುಣ್ಣದ ಗುಂಡನ್ನು ದಾಟಿ ಬಿಸಿಲಲ್ಲಿ ನಡೆದರು.

"ಮೇಡಂ, ಅತ್ತಾಗ ಭಾಳ ಬಿಸಲ ಐತ್ರಿ. ಇಲ್ಲೆ ನೆರಳಾಗ ಗುರ್ತು ಹಾಕೇವಲ್ರಿ."

"ರಸ್ತಾ ಬರೇ ನೆರಳಾಗ ಅಷ್ಟ ಐತೇನ್ರಿ?"

ಇಷ್ಟು ವರ್ಷದಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ. ನಿಮ್ಮ ಮುತ್ಯಾನ ಟೊಪ್ಪಿಗೆ ತಾನೇ ಸ್ವಲ್ಪ ವಾಲಿತು.

ಬಯಲಿನ ನಡುವೆ ಮೇಡಂ ಚಪ್ಪಲಿಯ ತುದಿಯಿಂದ ತೋರಿಸಿದ ಕಡೆ ಕುಳಿತು ನಾನು ಉಳಿ ಇಟ್ಟೆ. ಗಟ್ಟಿ ಗರಸಾದರೆ ಅರ್ಧ ಗಂಟೆ ಬಡಿಯಬೇಕು, ಅಂಗೈಯಲ್ಲಿ ಗುಳ್ಳೆ ಏಳುತ್ತದೆ. ಇಲ್ಲಿ ನಾಲ್ಕು ಏಟಿಗೆ ಉಳಿ ಕಡುಬಿಗೆ ಇಳಿದ ಹಾಗೆ ಇಳಿಯಿತು. ಕುಣಿಯ ಅಂಚು ಪರಪರ ಉದುರಿತು. ಅಡಿಯವರೆಗೆ ಒಣ ಒಣ. ದ್ರಾಕ್ಷಿ ಬಳ್ಳಿ ಮಾತ್ರ ಸುಖವಾಗಿರಬೇಕು ಎಂದುಕೊಂಡೆ. ತೂಗುವ ಅಗತ್ಯವೇ ಇರಲಿಲ್ಲ, ನನ್ನ ಕೈಗೆ ಗೊತ್ತಾಗಿತ್ತು.

ಆಗ ಮೇಡಂಗೆ ಫೋನು ಬಂತು. ಮಾತಾಡುತ್ತ ಹತ್ತು ಹೆಜ್ಜೆ ಆಚೆ ಹೋಗಿ ಬೆನ್ನು ತಿರುಗಿಸಿದರು. ನಿಮ್ಮ ಮುತ್ಯಾ ಹತ್ತಿರ ಬಂದರು. ಗೋಡೆ ಇರಲಿಲ್ಲವಲ್ಲ, ಹಾಗಾಗಿ ತಟ್ಟೆಯ ತೂತಿಗೆ ಹೇಳಿದರು.

"ಪಂಚಮಿ ಬಂತು. ಹುಡುಗ್ರು ಆಯಿ ಮನಿ ಜೋಕಾಲಿ, ಆಯಿ ಮನಿ ಜೋಕಾಲಿ ಅಂತ ಕುಣ್ಯಾಕತ್ತಾವ. ನಾ ಎಲ್ಲಾ ಛಲೋ ಆದ್ರ ಕಳಸೋಣಂತ ಅಂದೀನಿ."

ಹೇಳಿ, ಪಕ್ಕದಲ್ಲಿ ಬಿದ್ದಿದ್ದ ಸಡಿಲು ಗರಸನ್ನು ಚಪ್ಪಲಿಯಿಂದ ನನ್ನ ಕಡೆಗೆ ಸ್ವಲ್ಪ ಸರಿಸಿದರು. ದೇವರ ಹಿಡಿಯ ಸುದ್ದಿ ಜಿಲ್ಲೆಯ ಎಲ್ಲ ಗುತ್ತಿಗೆದಾರರಿಗೂ ಮುಟ್ಟಿತ್ತು ಎಂದಾಯಿತು. ನನ್ನ ಕೀರ್ತಿ ನನಗಿಂತ ಮುಂದೆ ಹೋಗಿತ್ತು.

ನಾನು ಯೋಚನೆ ಮಾಡಲಿಲ್ಲ ಎಂದು ಹೇಳಿದರೆ ಸುಳ್ಳು. ಯೋಚನೆ ಮಾಡುವಷ್ಟರಲ್ಲಿ ನನ್ನ ಬಲಗೈ ತಾನೇ ಹೋಗಿ ಒಂದು ಹಿಡಿ ತುಂಬಿಕೊಂಡಿತ್ತು. ಆ ಮುಷ್ಟಿಯಲ್ಲಿ ನೀವಿಬ್ಬರೂ ಇದ್ದಿರಿ, ನಿಮ್ಮವ್ವ ಇದ್ದಳು, ಜೋಕಾಲಿ ಇತ್ತು. ಪರಾತ ಒಂದು ಗೇಣು ದೂರ. ಬೆರಳು ಬಿಚ್ಚಿದರೆ ಮುಗಿಯಿತು. ಒಂದು ಹಿಡಿ ಸಾಲದಿದ್ದರೆ ಇನ್ನೊಂದು ಹಿಡಿ.

ನಿಮ್ಮ ಮುತ್ಯಾ ಅಲ್ಲಿಂದ ಹೋಗಲಿಲ್ಲ. ಟೊಂಕದ ಮೇಲೆ ಕೈ ಇಟ್ಟು, ನನ್ನ ಮುಷ್ಟಿಯನ್ನೇ ನೋಡುತ್ತ ನಿಂತರು. ಅಲ್ಲೇ ಅವರು ತಪ್ಪು ಮಾಡಿದ್ದು.

ಮಕ್ಕಳೇ, ನಾನು ಬೀಗರ ಎದುರು ಇಂದಿನವರೆಗೆ ನೀರು ಸಹ ಗುಟುಕರಿಸಿ ಕುಡಿದವಳಲ್ಲ. ಅವರು ಪಡಸಾಲೆಯಲ್ಲಿದ್ದರೆ ನಾನು ಒಳಗೆ ರೊಟ್ಟಿ ಬಡಿಯುವ ಸಪ್ಪಳವನ್ನೂ ಮೆತ್ತಗೆ ಮಾಡುತ್ತೇನೆ. ಅಂಥ ಮನುಷ್ಯ ಕಣ್ಣು ಮಿಟುಕಿಸದೆ ನೋಡುತ್ತಿರುವಾಗ ನಾನು ಕಳ್ಳತನ ಮಾಡುವುದೆಂದರೆ ಹೇಗೆ? ಆ ಕಳ್ಳತನ ಅವರಿಗಾಗಿಯೇ ಇರಬಹುದು, ಆದರೂ ಬೀಗರು ಬೀಗರೇ. ಹಳೆಯ ಸಾಹೇಬರು ಮಿರ್ಚಿ ತಿನ್ನುತ್ತ ಕುಳಿತಿದ್ದಾಗ ನಾನು ಯಾವ ಸಂಕೋಚವೂ ಇಲ್ಲದೆ ಹಾಕಿದ್ದೇನೆ. ಇವರು ಎರಡು ಹೆಜ್ಜೆ ಆಚೆ ಹೋಗಿ ಆಕಾಶ ನೋಡಿದ್ದರೆ ರಸ್ತೆ ಪಾಸಾಗುತ್ತಿತ್ತು. ಹೋಗಲಿಲ್ಲ. ನನ್ನ ಬೆರಳು ಬಿಚ್ಚಲಿಲ್ಲ.

ಮೇಡಂ ತಿರುಗಿ ಬಂದರು. ನಾನು ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡೆ. ಬಿಟ್ಟರೆ ಈಗ ಇಬ್ಬರೂ ನೋಡುತ್ತಾರೆ. ಪರಾತವನ್ನು ಎಡಗೈಯಿಂದಲೇ ತಕ್ಕಡಿಗೆ ತಳ್ಳಿದೆ.

"ಅಕ್ಕಾರ, ಆ ಕೈಗೆ ಏನಾಗೈತ್ರಿ?"

"ಏನಿಲ್ರಿ. ಜೋಮು ಹಿಡದೈತ್ರಿ."

ಪಾಪ, ಮರಳಿನ ಡಬ್ಬಿಯನ್ನು ತಾವೇ ಎತ್ತಿ ಕುಣಿಯ ಮೇಲೆ ಇಟ್ಟರು. ಮರಳು ಇಳಿಯುತ್ತಲೇ ಹೋಯಿತು, ಹೋಯಿತು. ಆ ಕುಣಿ ನಮ್ಮ ಮರಳನ್ನು ಕುಡಿದಷ್ಟು ನೀರನ್ನು ಕುಡಿದಿದ್ದರೆ ಯಾರಿಗೂ ಕಷ್ಟ ಇರುತ್ತಿರಲಿಲ್ಲ. ಜೀಪಿನಲ್ಲಿ ತಂದಿದ್ದ ಒಲೆಯ ಮೇಲೆ ಎಡಗೈಯಿಂದಲೇ ಮಣ್ಣು ಹುರಿದು ತೂಗಿದರೆ ನೀರಿನ ಅಂಶ ಹೆಸರಿಗೆ ಮಾತ್ರ. ಮೇಡಂ ಲೆಕ್ಕ ಹಾಕಿ, ಮತ್ತೊಮ್ಮೆ ಹಾಕಿ, ಪುಸ್ತಕ ಮುಚ್ಚಿದರು.

"ಫೇಲ್ ಆತ್ರಿ. ಈ ತುಂಡು ಪೂರ್ತಿ ಕೆದರಿ, ನೀರು ಹಾಕಿ, ಮತ್ತ ರೋಲರ್ ಓಡಸ್ರಿ. ಮುಂದಿನ ವಾರ ಬಂದು ನೋಡ್ತೀನಿ."

ನಿಮ್ಮ ಮುತ್ಯಾ ಬೇವಿನ ಗಿಡಕ್ಕೆ ಹೇಳಿದರು:

"ಆತು. ರಸ್ತಾ ಪಾಸ್ ಆಗೂ ಮಟಾ ನಮ್ಮ ಮನಿಯಿಂದ ಯಾರೂ ಎಲ್ಲಿಗೂ ಹೋಗೂದಿಲ್ಲ."

ಗಿಡಕ್ಕೆ ಏನು ಅರ್ಥವಾಯಿತೋ ಗೊತ್ತಿಲ್ಲ, ನನಗೆ ಪೂರ್ತಿ ಅರ್ಥವಾಯಿತು. ಅವರ ಸುಸಲಾವನ್ನು ಯಾರೂ ಮುಟ್ಟಲಿಲ್ಲ. ಜೀಪಿನಲ್ಲಿ ಕುಳಿತ ಮೇಲೆ ಮುಷ್ಟಿ ಬಿಚ್ಚಿದೆ. ಬೆವರಿನಿಂದ ಆ ಗರಸು ಹದವಾಗಿ ಒದ್ದೆಯಾಗಿ, ಬೆರಳಿನ ಗುರುತು ಮೂಡಿ, ಉಂಡಿಯ ಹಾಗೆ ಗಟ್ಟಿಯಾಗಿತ್ತು. ಆ ರಸ್ತೆಯಲ್ಲಿ ಆ ದಿನ ಸರಿಯಾದ ನೀರು ಕಂಡ ಗರಸು ಅದೊಂದೇ.

ಮುಂದಿನ ಎಂಟು ದಿನ ನಿಮ್ಮವ್ವ ಫೋನು ಮಾಡಿದರೆ ಪಿಸುಮಾತು. "ಯವ್ವಾ, ಮಾವನವರು ದಿನಾ ಎರಡು ಟ್ಯಾಂಕರ್ ಓಡಸಾಕತ್ತಾರ. ತಾವ ಪೈಪ್ ಹಿಡದು ನಿಂತಿರ್ತಾರ. ನಿನ್ನ ಸುದ್ದಿ ತಗದ್ರ ರೊಟ್ಟಿ ಬಿಟ್ಟು ಎದ್ದು ಹೋಗ್ತಾರ." ಮರುಪರೀಕ್ಷೆ ಇಟ್ಟಿದ್ದು ಸರಿಯಾಗಿ ಪಂಚಮಿಯ ಮುಂಚಿನ ದಿನ, ರೊಟ್ಟಿ ಹಬ್ಬದ ದಿನ. ಅದು ಫೇಲ್ ಆದರೆ ನೀವು ಬರುವುದಿಲ್ಲ. ಅಷ್ಟೇ ವಿಷಯ.

ಈ ಸಲ ನಾನು ಮೇಡಂ ಬಾಗಿಲಿಗೆ ಹೋಗಿ ನೀರು ಬೇಕೇ ಎಂದು ಕೇಳಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತ, ಒಂದೇ ಉಸಿರಿಗೆ ಹೇಳಿದೆ: "ಅದು ನಮ್ಮ ಬೀಗರ ರಸ್ತಾರಿ. ನನ್ನ ಕೈ ಸರಿ ಇಲ್ರಿ. ಬ್ಯಾರೇದವ್ರನ್ನ ಕರಕೊಂಡು ಹೋಗ್ರಿ."

ಮೇಡಂ ಪೆನ್ನು ಕೆಳಗಿಟ್ಟರು. "ಅವತ್ತ ಜೋಮು ಹಿಡದ ಕೈ ಏನ್ರಿ?" ಎಂದರು.

"ಹೂಂನ್ರಿ."

"ಇನ್ನ ಮ್ಯಾಲೆ ಜೋಮು ಹಿಡೀಬಾರದು ನೋಡ್ರಿ" ಎಂದು ನಕ್ಕರು. ಎಲ್ಲ ಗೊತ್ತಿತ್ತು ಆ ಹುಡುಗಿಗೆ. ಆ ದಿನ ಮಂಡಿ ನೋವಿನವರನ್ನು ಜೀಪಿಗೆ ಹತ್ತಿಸಿದರು. ಅವರು ನನ್ನನ್ನು ನೋಡಿದ ನೋಟಕ್ಕೆ ಮಂಡಿ ಇದ್ದಿದ್ದರೆ ಅದೂ ನೋಯುತ್ತಿತ್ತು.

ರೊಟ್ಟಿ ಹಬ್ಬದ ದಿನ ರಜೆ ಹಾಕಿ ಮನೆಯಲ್ಲಿ ಕುಳಿತೆ. ಸಜ್ಜೆ ರೊಟ್ಟಿ ಬಡಿದೆ, ಕಾಳು ಪಲ್ಯ ಮಾಡಿದೆ. ಯಾರು ತಿನ್ನಬೇಕು ಎಂದು ಮಾತ್ರ ಗೊತ್ತಿರಲಿಲ್ಲ. ರವಾ ಹುರಿಯುವಾಗ ಕಿವಿ ಫೋನಿನ ಕಡೆ. ಮಣ್ಣು ಹುರಿಯುವಾಗ ಒಂದು ದಿನವೂ ಹೊತ್ತಿಸದವಳು ಆ ದಿನ ರವಾ ಹೊತ್ತಿಸಿದೆ. ಇನ್ನೊಮ್ಮೆ ಹುರಿದೆ. ಪಾಕದ ಹದ ನೋಡಲು ಮರೆತೆ. ಹನ್ನೊಂದಾಯಿತು, ಹನ್ನೆರಡಾಯಿತು, ಫೋನು ಬರಲಿಲ್ಲ. ಎರಡಕ್ಕೆ ನಾನೇ ಮಾಡಿದರೆ ನಿಮ್ಮವ್ವ ಎತ್ತಲಿಲ್ಲ. ಅರ್ಧ ಉಂಡಿ ಕಟ್ಟಿ, ಅರ್ಧ ಹಾಗೇ ಬಿಟ್ಟು, ಕೊಂಡಿಗೆ ಹಗ್ಗ ಹಾಕಲೋ ಬೇಡವೋ ಎಂದು ಸ್ಟೂಲಿನ ಮೇಲೆ ಹತ್ತಿ ನಿಂತೆ. ಹಾಕಿದ ಮೇಲೆ ನೀವು ಬಾರದಿದ್ದರೆ ಬಿಚ್ಚುವವರೂ ನಾನೇ.

ಹಾಗೆ ನಿಂತಿದ್ದಾಗಲೇ ಹೊರಗೆ ಗಾಡಿ ನಿಂತ ಸಪ್ಪಳ ಆಯಿತು. ನೀವಿಬ್ಬರೂ "ಆಯೀ!" ಎಂದು ಒದರುತ್ತ ಬಂದು ಸ್ಟೂಲಿಗೇ ಜೋತುಬಿದ್ದಿರಿ. ನಾನು ಬೀಳದೇ ಇದ್ದದ್ದು ನಿಮ್ಮ ಪುಣ್ಯ. ಹಿಂದೆ ನಿಮ್ಮವ್ವ ಚೀಲ ಹಿಡಿದುಕೊಂಡು, ಅವಳ ಹಿಂದೆ ನಿಮ್ಮ ಮುತ್ಯಾ. ಅವರು ಯಾವತ್ತೂ ಬಾಗಿಲಲ್ಲಿ ಇಳಿಸಿ ಹೋಗುವವರು. ಆ ದಿನ ಒಳಗೆ ಬಂದು, ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ನಾನು ಅಡುಗೆ ಮನೆಯ ಬಾಗಿಲ ಹಿಂದೆ ಸೇರಿಕೊಂಡೆ.

"ಪಾಸ್ ಆತು ಅಂತ ಹೇಳು ನಿಮ್ಮವ್ವಗ" ಎಂದರು ಸೊಸೆಗೆ, ನನಗೆ ಕೇಳುವಂತೆ. "ಮೂರು ಕುಣಿ ತಗದ್ರು, ಮೂರೂ ಬಿಸಲಾಗ. ಆ ಮುದುಕಗ ಉಳಿ ಇಳಸಾಕ ಆಗಲಿಲ್ಲ, ಕಡೀಕ ನಮ್ಮ ರೋಲರ್ ಡ್ರೈವರ್ ಬಡದ ನೋಡು. ಹೊಸ ಮೇಡಂ ಏನಂದ್ಲು ಗೊತ್ತೈತೇನು? ಇಡೀ ರಸ್ತಾದಾಗ ಇಷ್ಟು ಗಟ್ಟಿ ಜಾಗಾನ ಇಲ್ಲ ಅಂದ್ಲು." ತಾವೇ ಮೊದಲಿನಿಂದ ಹಾಗೆ ಮಾಡಬೇಕೆಂದು ಹಟ ಹಿಡಿದವರ ಧಾಟಿ.

ನಿಮ್ಮವ್ವ ಒಳಗೆ ಬಂದು ತಟ್ಟೆಯಲ್ಲಿ ಉಂಡಿ ಇಟ್ಟು ಕೊಂಡೊಯ್ದಳು. ನಾನು ಕೈ ಹಿಡಿದು ತಡೆಯುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ನಿಮ್ಮ ಮುತ್ಯಾ ಒಂದು ಉಂಡಿ ಎತ್ತಿದರು. ಬಾಯಿಯವರೆಗೆ ಹೋಗಲಿಲ್ಲ. ಬಿಳಿ ಅಂಗಿಯ ಮೇಲೆ, ಧೋತರದ ಮೇಲೆ, ಟೊಪ್ಪಿಗೆಯೊಳಗೆ ಪರಪರ ಉದುರಿತು. ನೀವಿಬ್ಬರೂ ನಕ್ಕಿರಿ, ನಿಮ್ಮವ್ವ ನಿಮ್ಮ ಬಾಯಿ ಮುಚ್ಚಿದಳು. ಅವರು ಅಂಗಿ ಝಾಡಿಸಿಕೊಂಡು, ಎದುರಿನ ಗೋಡೆಯ ಕಡೆ ನೋಡಿ, ಬಹಳ ಸಮಾಧಾನದಿಂದ ಹೇಳಿದರು:

"ಬೀಗತ್ಯಾರ ಉಂಡಿ ಫೇಲ್ ಆಗೈತಿ. ಹಸಿ ಕಡಿಮಿ ಬಿದ್ದೈತಿ ಅಂತ ಕಾಣಸ್ತೈತಿ."

ಅಷ್ಟು ದಿನ ನನ್ನ ಹೊಟ್ಟೆಯಲ್ಲಿದ್ದ ಭಯ, ಅಳು, ಸಿಟ್ಟು ಎಲ್ಲ ಸೇರಿ ಒಂದೇ ಮಾತಾಗಿ, ನನ್ನನ್ನು ಕೇಳದೆ ಬಾಗಿಲ ಹಿಂದಿನಿಂದ ಹೊರಗೆ ಬಂತು.

"ಟ್ಯಾಂಕರ್ ದ್ರಾಕ್ಷಿ ತ್ವಾಟಕ್ಕ ಹೋಗಿತ್ರಿ."

ನಿಮ್ಮವ್ವ ತಲೆಯ ಮೇಲೆ ಕೈ ಇಟ್ಟಳು. ನಾನು ಬಾಗಿಲ ಹಿಡಿಕೆ ಹಿಡಿದುಕೊಂಡೆ. ಪಡಸಾಲೆಯಿಂದ ಬಂದ ಸಪ್ಪಳವನ್ನು ಮೊದಲು ಕೆಮ್ಮು ಅಂದುಕೊಂಡೆ, ಆಮೇಲೆ ನಗು ಎಂದು ಗೊತ್ತಾಯಿತು. ನಿಮ್ಮ ಮುತ್ಯಾ ಬಿಕ್ಕಳಿಕೆ ಬರುವವರೆಗೆ ನಕ್ಕರು, ನೀರು ಕೊಡಬೇಕಾಯಿತು. ನೀರು ಕೊಟ್ಟವಳು ನಾನೇ, ಏಕೆಂದರೆ ನಿಮ್ಮವ್ವ ಕಲ್ಲಿನಂತೆ ನಿಂತುಬಿಟ್ಟಿದ್ದಳು.

ಗ್ಲಾಸು ತೆಗೆದುಕೊಳ್ಳುವಾಗ ಅವರು ಗೋಡೆ ಬಿಟ್ಟು ನನ್ನ ಕಡೆಗೇ ತಿರುಗಿದರು. "ಅಲ್ರಿ ಬೀಗತ್ಯಾರ, ಒಂದು ಮಾತು ಕೇಳ್ತೀನಿ. ಅವತ್ತ ಮುಷ್ಟಿ ತುಂಬಿದ್ರಿ. ಯಾಕ ಬಿಡಲಿಲ್ರಿ?"

"ನೀವು ನೋಡಾಕತ್ತಿದ್ರೆಲ್ರಿ" ಎಂದೆ.

ಅವರು ಗ್ಲಾಸನ್ನು ಕೆಳಗಿಟ್ಟರು. "ಅಂದ್ರ ನಾ ಗಿಡದ ಬುಡಕ ಹೋಗಿ ಚಹಾ ಕುಡೀತಿದ್ನೆಂದ್ರ..."

"ಹೂಂನ್ರಿ."

"ಯಪ್ಪಾ!" ಎಂದು ಹಣೆಗೆ ಕೈ ಬಡಿದುಕೊಂಡರು. ಆಮೇಲೆ ಎದ್ದು, ನಾನು ಬಿಟ್ಟಿದ್ದ ಹಗ್ಗವನ್ನು ಎತ್ತಿಕೊಂಡು, ತಾವೇ ಸ್ಟೂಲು ಹತ್ತಿ ಕೊಂಡಿಗೆ ಗಂಟು ಬಿಗಿದು, ಎರಡು ಸಲ ಜಗ್ಗಿ ನೋಡಿ, ಮೊದಲು ತಾವೇ ಕುಳಿತು ನೋಡಿದರು. ನಿಮಗೆ ನೆನಪಿರಬಹುದು. ಜೋಕಾಲಿಯೂ ಪಾಸ್ ಆಯಿತು.

ಆ ಪಂಚಮಿಯಿಂದ ಅವರು ನನ್ನ ಜೊತೆ ನೇರವಾಗಿ ಮಾತಾಡುತ್ತಾರೆ. ಒಳ್ಳೆಯದಾಯಿತು ಎಂದುಕೊಳ್ಳಬೇಡಿ. ಮುಂಚೆ ಗೋಡೆ ಕೇಳುತ್ತಿದ್ದ ಮಾತುಗಳನ್ನೆಲ್ಲ ಈಗ ನಾನೇ ಕೇಳಬೇಕು, ವಾರಕ್ಕೆ ಎರಡು ಸಲ, ಫೋನಿನಲ್ಲಿ. ದ್ರಾಕ್ಷಿಯ ಸುದ್ದಿ ಅರ್ಧ ಗಂಟೆ. ಆ ಒಂದು ಹಿಡಿ ಗರಸು ಇನ್ನೂ ಇದೆ, ಟ್ರಂಕಿನಲ್ಲಿ ಉಳಿಯ ಪಕ್ಕದ ಔಷಧದ ಡಬ್ಬಿಯಲ್ಲಿ. ನನ್ನ ಬೆರಳಿನ ಗುರುತು ಹಾಗೇ ಉಳಿದಿದೆ. ಕೆದಕುವಾಗ ಅದನ್ನು ಒಡೆಯಬೇಡಿ.